ಆಶಮ್ಮ ಕಟ್ಟಿದ ಕಟ್ಟು

ಆಶಮ್ಮನ ಮುತ್ತಜ್ಜ ಕುರುಮಯ್ಯ ತುಂಬಿ ಹರಿಯುವ ಕೃಷ್ಣೆಯಲ್ಲಿ ಕಾಲು ಮುರಿದ ಟಗರನ್ನು ಹೆಗಲ ಮೇಲೆ ಹೊತ್ತು ಈಜಿ ಈ ದಡ ಸೇರಿದವನು. ಟಗರೇ ಕುರುಮಯ್ಯನನ್ನು ಹೊತ್ತು ತಂದಿತೆಂದು ಹೇಳುವವರೂ ಮಕ್ತಲ್ ಸೀಮೆಯಲ್ಲಿ ಇದ್ದಾರೆ; ಅದು ಹೊಟ್ಟೆಕಿಚ್ಚಿನ ಮಾತು, ಕಿವಿಗೆ ಹಾಕಿಕೊಳ್ಳಬೇಕಾದ್ದಿಲ್ಲ. ಮುತ್ತಜ್ಜಿ ಮೈಸಮ್ಮ ತೋಳ ಸೀಳಿದ ಕುರಿಯ ಹೊಟ್ಟೆಯನ್ನು ಗೌಡರ ಕುದುರೆಯ ಬಾಲದ ಕೂದಲಿನಿಂದ ಹೊಲಿದವಳು. ಕುರಿ ಬದುಕಿ ಅವಳಿ ಮರಿ ಹಾಕಿತು. ಕುದುರೆ ಮಾತ್ರ ಆ ವರ್ಷವೆಲ್ಲ ನೊಣ ಹೊಡೆದುಕೊಳ್ಳಲು ಬಾಲವಿಲ್ಲದೆ ಕುಣಿದಾಡಿತು.

ಅಜ್ಜ ಎಂಕಪ್ಪನ ಸಾಹಸ ಇವೆರಡಕ್ಕೂ ಮಿಗಿಲು. ಗದ್ವಾಲಿಗೆ ಹೋಗುವ ಬಂಡಿದಾರಿಯ ನಟ್ಟನಡುವೆ ಅವನ ಹಿಂಡಿನ ಮರಿಯೊಂದರ ಕಾಲು ಮುರಿಯಿತು. ಎಂಕಪ್ಪ ಅಲ್ಲೇ ಕೂತು ಬಿದಿರಿನ ದಬ್ಬೆ ಇಟ್ಟು, ಉಣ್ಣೆಯ ದಾರ ಸುತ್ತಿ, ಮೇಲೊಂದು ಕಾವಿಯ ಬೊಟ್ಟಿಟ್ಟ. ಅಷ್ಟರಲ್ಲಿ ದೊಡ್ಡ ಸಾಹೇಬರೊಬ್ಬರ ಮೇನೆ ಬಂತು. ಮುಂದೆ ಓಡುತ್ತಿದ್ದ ಜವಾನ “ಹಟ್! ಹಟ್!” ಎಂದ. ಎಂಕಪ್ಪ ಕೂತಲ್ಲಿಂದ ಅಲುಗಲಿಲ್ಲ.

“ಕಟ್ಟು ಕಟ್ಟಿದ ಜೀವ ಬೀರಪ್ಪಂದು, ಸರಕಾರ. ಕಟ್ಟಿದವರು ‘ಏಳು’ ಅನ್ನೋತನಕ ಅದಕ್ಕ ಕತ್ತಿ ತಾಕಸಂಗಿಲ್ಲ, ಎತ್ತಂಗಿಲ್ಲ, ದಾಟಂಗಿಲ್ಲ. ದಾಟಿದವರ ಕೊಟ್ಟಿಗಿ ಖಾಲಿ ಆಕ್ಕೈತಿ.”

ಸಾಹೇಬರಿಗೆ ಬೀರಪ್ಪ ಯಾರೆಂದು ಗೊತ್ತಿರಲಿಲ್ಲ. ಮೇನೆ ಹೊತ್ತವರಿಗೆ ಗೊತ್ತಿತ್ತು. ಅವರು ಮೇನೆಯನ್ನು ಮೆಲ್ಲಗೆ ನೆಲಕ್ಕಿಟ್ಟು ಕೈಕಟ್ಟಿ ನಿಂತರು. ಕೊನೆಗೆ ಸಾಹೇಬರೇ ಇಳಿದು, ಶೇರ್ವಾನಿಯನ್ನು ಸೊಂಟದ ತನಕ ಎತ್ತಿಕೊಂಡು, ಜಾಲಿಮುಳ್ಳಿನಲ್ಲಿ ಸುತ್ತು ಹಾಕಿ ಆಚೆ ಹೋದರು. ಮುಳ್ಳಿಗೆ ಸಿಕ್ಕ ಶೇರ್ವಾನಿಯ ಚೂರನ್ನು ಎಂಕಪ್ಪ ಬೀರಪ್ಪನ ಗುಡಿಯ ಬಾಗಿಲಿಗೆ ಕಟ್ಟಿದ. ಅಂದಿನಿಂದ ಸುತ್ತಲ ಊರುಗಳಲ್ಲಿ ಆ ಮನೆಯವರ ಕಟ್ಟು ಎಂದರೆ ಕಟ್ಟು. ಕುರಿಗೂ ಅದೇ ಕಾಯಿದೆ, ಮನುಷ್ಯರಿಗೂ ಅದೇ ಕಾಯಿದೆ.

ಇಂಥ ವಂಶದಲ್ಲಿ ಹುಟ್ಟಿದವಳು ಸುಮ್ಮನೆ ಕೂರುವುದು ಹೇಗೆ?

ಆಶಮ್ಮನಿಗಿಂತ ಮೊದಲು ಅವಳ ತಾಯಿಗೆ ಹುಟ್ಟಿದ ಕೂಸುಗಳು ಯಾವುವೂ ಉಳಿದಿರಲಿಲ್ಲ. ಊರ ಪಿಂಜಾರರ ಮನೆಯವರು ಮೊಹರಮ್ಮಿನ ಅಲಾಯಿ ಹಬ್ಬದಲ್ಲಿ ಎತ್ತುವ ಪೀರಿಗೆ ತಾಯಿ ಹರಕೆ ಹೊತ್ತ ಮೇಲೆ ಉಳಿದದ್ದು ಇವಳೊಬ್ಬಳು. ಅದಕ್ಕೇ ಆ ಪೀರಿನ ಹೆಸರಿನಿಂದಲೇ ಅವಳು ಆಶಮ್ಮ ಆದಳು. ಗಂಡುಮಕ್ಕಳಿಲ್ಲದ ಮನೆಯಾದ್ದರಿಂದ ದಾಮರಗಿದ್ದದ ಮಾರೆಪ್ಪನನ್ನು ಮನೆಯಳಿಯನಾಗಿ ತಂದರು. ಮಾರೆಪ್ಪ ಕುರಿ ಕಾಯುತ್ತಿದ್ದ, ಆಶಮ್ಮ ಊರು ಕಾಯುತ್ತಿದ್ದಳು. ಮಾರೆಪ್ಪನದು ಮಾತು ಕಡಿಮೆ. ಮನೆಯಲ್ಲಿ ಮಾತಿನ ಕೆಲಸವನ್ನು ಹೆಂಡತಿಯೇ ಪೂರ್ತಿ ವಹಿಸಿಕೊಂಡಿದ್ದರಿಂದ ಅವನಿಗೆ ಅದರ ಗರಜೂ ಬೀಳಲಿಲ್ಲ.

ಅವಳನ್ನು ಯಾರೂ ಕರೆಯಬೇಕಾಗಿರಲಿಲ್ಲ. ಊರಲ್ಲಿ ಎಲ್ಲಿಯೇ ಆಗಲಿ ಧಡ್ ಎಂದು ಸದ್ದಾದರೆ ಹಂಚಿನ ಮೇಲಿನ ರೊಟ್ಟಿ ಹಂಚಿನ ಮೇಲೇ ಕರಕಾಗುತ್ತಿತ್ತು, ಆಶಮ್ಮ ಬೀದಿಯಲ್ಲಿ ಇರುತ್ತಿದ್ದಳು. ಬಗಲಲ್ಲಿ ಅವಳ ಗಂಟು: ಬಿದಿರಿನ ದಬ್ಬೆ, ಉಣ್ಣೆಯ ದಾರ, ಒಂದು ಕುಡಿಕೆ ಔಡಲೆಣ್ಣೆ, ಉದ್ದಿನ ಹಿಟ್ಟು, ಕಾವಿಯ ಉಂಡೆ. ದಬ್ಬೆಯ ಕೆಳಗೆ ಹಾಸಲು ಹತ್ತಿ ಬೇಕಲ್ಲ, ಅದನ್ನು ಪಿಂಜಾರ ಮದಾರಸಾಬ ಹದವಾಗಿ ಹಿಂಜಿ ಕೊಡುತ್ತಿದ್ದ. ಉದ್ದಿನ ಹಿಟ್ಟನ್ನು ಕೋಳಿತತ್ತಿಯ ಬಿಳಿಯಲ್ಲಿ ಕಲಸಿ ಮೆತ್ತಿದರೆ ಕಟ್ಟು ಕಲ್ಲಾಗುತ್ತದೆ. ಒಮ್ಮೆ ಸದ್ದು ಕೇಳಿ ಅವಳು ಓಡಿಹೋದಾಗ ಬಿದ್ದಿದ್ದು ಜೋಳದ ಚೀಲ. ಬಂದದ್ದು ವ್ಯರ್ಥವಾಗಬಾರದೆಂದು ಚೀಲದ ಹರುಕಿಗೇ ನಾಲ್ಕು ಹೊಲಿಗೆ ಹಾಕಿ ಬಂದಳು.

ಎಲುಬು ಎಳೆದು ಕೂಡಿಸುವಾಗ ಅವಳದೊಂದು ಹಿಕ್ಮತ್ತು ಇತ್ತು. ಮೊದಲು ಬಿದ್ದವನ ಅತ್ತೆ ಮನೆಯವರನ್ನು ಬೈಯಲು ಶುರುಮಾಡುವಳು. ಸುಮ್ಮಸುಮ್ಮನೆ ಅಲ್ಲ, ಅವರ ಮನೆಯ ಮದುವೆಯಲ್ಲಿ ಬಡಿಸಿದ ತಿಳಿಸಾರಿನಿಂದ ಹಿಡಿದು ಮಾವನ ಸೊಟ್ಟ ಮೂಗಿನವರೆಗೆ. ಬಿದ್ದವನು ನೋವು ಮರೆತು, “ಹೌದು ಯಕ್ಕಾ, ಆ ಸಾರು ಮಾತ್ರ...” ಎಂದು ಬಾಯಿ ತೆಗೆಯುವಷ್ಟರಲ್ಲಿ ಒಂದು ಜಗ್ಗು! ಅವನು ಕಿರುಚಿ ಮುಗಿಸುವ ಹೊತ್ತಿಗೆ ಕಟ್ಟು ಅರ್ಧ ಆಗಿರುತ್ತಿತ್ತು. ಪಕ್ಕದೂರಿನ ಒಕ್ಕಲಿಗ ಆದೆಪ್ಪ ಬಂಡಿಯಿಂದ ಬಿದ್ದು ಮುಂಗೈ ಮುರಿದುಕೊಂಡಾಗ ಅವಳು ಅವನ ಮಾವನನ್ನು ಎಷ್ಟು ಚೆಂದ ಬೈದಳೆಂದರೆ, ಕೈ ಕೂಡಿದ ಮೇಲೂ ಅವನು ಇನ್ನೆರಡು ಸಲ ಬಂದು, “ಯಾಕೋ ನೋಯಾಕಹತ್ತೈತಿ ಯಕ್ಕಾ, ಸ್ವಲ್ಪ ಬೈ,” ಎಂದು ಕೇಳಿಸಿಕೊಂಡು ಹೋದ.

ಕೈಗುಣ ದೊಡ್ಡದು, ಆತುರ ಅದಕ್ಕಿಂತ ದೊಡ್ಡದು. ಭೀಮಯ್ಯ ಜಾರಿಬಿದ್ದಾಗ ಅವನ ಗಟ್ಟಿ ಕಾಲಿಗೇ ಕಟ್ಟು ಕಟ್ಟಿದ್ದಳು. ಭೀಮಯ್ಯ ಸಂಕೋಚದ ಮನುಷ್ಯ. ಇಷ್ಟು ಪ್ರೀತಿಯಿಂದ ಕಟ್ಟಿದವಳಿಗೆ ಹೇಗೆ ಹೇಳುವುದೆಂದು ಸಂಜೆತನಕ ಎರಡೂ ಕಾಲು ಎಳೆಯುತ್ತ ತಿರುಗಿದ. ಗೊತ್ತಾದಾಗ ಆಶಮ್ಮ, “ನೋವು ಇದ್ದ ಕಾಲಿಗೆ ಗೊತ್ತಿರ್ತೈತಿ, ನಿನ್ನ ಬಾಯಿಗೆ ಏನಾಗಿತ್ತು?” ಎಂದು ಅವನಿಗೇ ಗದರಿ, ಎರಡನೆಯ ಕಾಲಿಗೂ ಕಟ್ಟಿ ಕಳಿಸಿದಳು.

ಅಂಥವಳ ಬದುಕಿನಲ್ಲಿ ಅಂಥ ಭಾದ್ರಪದ ಮತ್ತೊಮ್ಮೆ ಬರಲಿಲ್ಲ.

ಭಾರತದ ಯೂನಿಯನ್ ಫೌಜು ಹೈದರಾಬಾದಿನ ಸೀಮೆಯೊಳಗೆ ಬಂದಿದೆ ಎಂಬ ಸುದ್ದಿ ಮಕ್ತಲ್ ಸಂತೆಯಿಂದ ಬಂತು. ಅದರ ಬೆನ್ನಿಗೇ ಆಕಾಶದಲ್ಲಿ ಒಂದು ವಿಮಾನ ಬಂತು. ಊರಿಗೆ ಊರೇ ಕುತ್ತಿಗೆ ಹಿಂದಕ್ಕೆ ಹಾಕಿ ಆಕಾಶ ನೋಡತೊಡಗಿತು. ಆಕಾಶ ನೋಡುವವನಿಗೆ ನೆಲ ಎಲ್ಲಿ ಕಾಣಬೇಕು? ನಾಗಪ್ಪ ಇನ್ನೂ ಹತ್ತಿರದಿಂದ ನೋಡುತ್ತೇನೆಂದು ಬೇವಿನ ಗಿಡ ಏರಿ, ವಿಮಾನಕ್ಕೆ ಎರಡೂ ಕೈ ಎತ್ತಿ ನಮಸ್ಕಾರ ಮಾಡಿದ. ಹಿಡಿದುಕೊಳ್ಳಲು ಮೂರನೆಯ ಕೈ ಇರಲಿಲ್ಲ. ಶಿವಬಸಮ್ಮ ಕುದಿಯುವ ಬೇಳೆಯ ಗಡಿಗೆ ಹಿಡಿದೇ ಹೊರಗೆ ಓಡಿಬಂದು ಅರ್ಧ ಬೇಳೆ ತನ್ನ ಕಾಲಿಗೆ, ಅರ್ಧ ನಾದಿನಿಯ ಕಾಲಿಗೆ ಬಡಿಸಿದಳು. ಮಾಳಿಗೆಯ ಮೇಲೆ ಕುಣಿಯುತ್ತಿದ್ದ ಇಬ್ಬರು ಮುದುಕರ ತಲೆಗೆ ತಲೆ ಡಿಕ್ಕಿ ಹೊಡೆದು, ಇಬ್ಬರೂ ತಮಗೆ ಗುಂಡು ತಾಗಿತೆಂದೇ ನಂಬಿ ಮಲಗಿಬಿಟ್ಟರು. ಯುದ್ಧದಲ್ಲಿ ಆ ಊರಿಗೆ ಗುಂಡು ಬೀಳಲಿಲ್ಲ, ಜನರೇ ಬಿದ್ದರು.

ಆಶಮ್ಮನ ಕಾಲು ಆ ದಿನ ನೆಲಕ್ಕೆ ತಾಗಲಿಲ್ಲ. ಈ ಓಣಿಯಲ್ಲಿ ಎಣ್ಣೆ ಹಚ್ಚು, ಆ ಓಣಿಯಲ್ಲಿ ತೋಳು ಜಗ್ಗು, ಮಾಳಿಗೆ ಏರು, ‘ಗುಂಡು ತಾಗಿದ’ ಮುದುಕರಿಗೆ ಹಿಡಿ ಅರಿಶಿನ ಮೆತ್ತಿ, “ಗುಂಡು ಎಲ್ಲೈತಿ? ಹೊಟ್ಟಿ ಗುಂಡಗ ಐತಿ, ಏಳ್ರಿ ಮ್ಯಾಲ!” ಎಂದು ಎಬ್ಬಿಸು. ಅವಳ ಕೆನ್ನೆ ಮೇಲೆ ಕಾವಿ, ಸೀರೆಯ ಸೆರಗಿನಲ್ಲಿ ಹಿಟ್ಟು, ಮುಖದಲ್ಲಿ ಮದುವೆಮನೆಯ ಕಳೆ. ಮಾರೆಪ್ಪ ಹಿಂದೆ ಹಿಂದೆ ನೀರಿನ ಕೊಡ ಹೊತ್ತು ನಡೆದ.

“ನಿನಗ ಇವತ್ತು ಭಾಳ ಖುಷಿ ಆದಂಗ ಐತಿ,” ಎಂದ.

“ಛೀ, ಮಂದಿ ಬಿದ್ದದ್ದಕ್ಕ ಯಾರರ ಖುಷಿ ಆಗ್ತಾರೇನು?” ಎಂದು ನಕ್ಕು, ಮತ್ತೆಲ್ಲೋ ಧಡ್ ಎಂದದ್ದಕ್ಕೆ ಓಡಿದಳು.

ನಿಜಾಮ ಸರಕಾರ ಸೋಲೊಪ್ಪಿಕೊಂಡಿತೆಂದು ರೇಡಿಯೊ ಹೇಳಿತಂತೆ ಎಂಬ ಮಾತು ಬಂದ ದಿನ ಊರಲ್ಲಿ ಹಲಗೆ ಬಾರಿಸಿದರು, ಬೆಲ್ಲ ಹಂಚಿದರು, ಒಬ್ಬರ ಮುಖಕ್ಕೊಬ್ಬರು ಭಂಡಾರ ಎರಚಿದರು. ಅವತ್ತು ಬಿದ್ದವರೂ ನಕ್ಕರು, ಕಟ್ಟುವವಳೂ ನಕ್ಕಳು. ಆದರೆ ಪಿಂಜಾರ ಓಣಿಯಲ್ಲಿ ಬಿಲ್ಲಿನ ಸದ್ದು ನಿಂತುಹೋಗಿತ್ತು. ಮದಾರಸಾಬನ ಹತ್ತಿಯ ಬಿಲ್ಲು ಟೊಂಯ್ ಟೊಂಯ್ ಎನ್ನದ ಹಗಲನ್ನು ಊರು ಅದುವರೆಗೆ ಕಂಡಿರಲಿಲ್ಲ.

ಕಾರಣ ಇತ್ತು. ಹಿಂದಿನ ಬೇಸಿಗೆಯಲ್ಲಿ ನಿಜಾಮನ ಕಡೆಯ ರಜಾಕಾರರು ಬಂದಾಗ ಮದಾರಸಾಬನ ತಲೆಗೆ ಒಂದು ಖಾಕಿ ಟೋಪಿ ಇಟ್ಟು, ಕೈಗೊಂದು ಬಿದಿರುಕೋಲು ಕೊಟ್ಟರು. ಹೊಟ್ಟೆ ದೊಡ್ಡದು, ಮೀಸೆ ದೊಡ್ಡದು, ಬುದ್ಧಿ ಮಾತ್ರ ಹತ್ತಿಯಷ್ಟು ಹಗುರ. ಟೋಪಿ ಕೊಟ್ಟವರು ಪಾಟಲೋನೂ ಕೊಡುತ್ತಾರೆಂದು ಕಾದು ಅವರ ಹಿಂದೆ ಕವಾಯತು ಮಾಡಿದ. ಅದೇ ವಾರ ರಜಾಕಾರರು ಆದೆಪ್ಪನ ಕೊಟ್ಟಿಗೆಗೆ ನುಗ್ಗಿ ಅವನ ಜೋಡೆತ್ತು ಹೊಡೆದುಕೊಂಡು ಹೋದರು. ಆ ಎತ್ತುಗಳ ಹಗ್ಗ ಮದಾರಸಾಬನ ಕೈಯಲ್ಲಿ ಇದ್ದದ್ದನ್ನು ಆದೆಪ್ಪ ಕಣ್ಣಾರೆ ಕಂಡಿದ್ದ. ಮಕ್ಕಳಂತೆ ಸಾಕಿದ ಎತ್ತುಗಳು ಮತ್ತೆ ಬರಲಿಲ್ಲ.

ಸೋಲಿನ ಸುದ್ದಿಯ ಮರುದಿನ ಮಧ್ಯಾಹ್ನ ಮದಾರಸಾಬನ ತಾಯಿ ಹುಸೇನವ್ವ ಹಿತ್ತಲ ದಾರಿಯಿಂದ ಆಶಮ್ಮನ ಮನೆಗೆ ಬಂದಳು.

“ಆಶಾ, ಆದೆಪ್ಪ ಮಂದಿ ಕೂಡಿಸ್ಕೊಂಡು ಬರಾಕಹತ್ಯಾನಂತ. ನನ್ನ ಮಗನ್ನ ಬಿಡಂಗಿಲ್ಲಂತ ಹೇಳ್ಯಾನಂತ.”

ಆಶಮ್ಮ ಆಗಲೇ ಗಂಟಿಗೆ ಕೈ ಹಾಕಿದ್ದಳು. “ಏನು ಮುರದೈತಿ?”

“ಇನ್ನೂ ಏನೂ ಮುರದಿಲ್ಲವ್ವಾ. ಮುರಿಯಾಕ ಬರಾಕಹತ್ಯಾರ.”

“ಹಂಗಾರ ಮದ್ಲ ಕಟ್ಟೂಣು ನಡಿ!”

ಹೊಸ್ತಿಲಲ್ಲಿ ಕೂತಿದ್ದ ಮಾರೆಪ್ಪ ತಲೆ ಎತ್ತಿದ. “ಮುರಿಯೂಕಿಂತ ಮದ್ಲ ಕಟ್ಟೋದು ಯಾವ ಶಾಸ್ತ್ರನೇ?”

“ಮಳಿ ಬರೂಕಿಂತ ಮದ್ಲ ಕಂಬಳಿ ಹೊತ್ಕೋತೀಯಲ್ಲ, ಅದು ಯಾವ ಶಾಸ್ತ್ರ?” ಎಂದು ಆಶಮ್ಮ ಸೆರಗು ಸಿಕ್ಕಿಸಿ ಓಡಿದಳು.

ಪಿಂಜಾರರ ಮನೆಯಲ್ಲಿ ಮದಾರಸಾಬ ಕಾಣಲಿಲ್ಲ. ಮೂಲೆಯಲ್ಲಿ ಹಿಂಜಿದ ಹತ್ತಿಯ ಗುಡ್ಡವೊಂದು ಇತ್ತು. ಗುಡ್ಡ ಸೀನಿತು.

“ಹೊರಗ ಬಾ, ಮೂಗಿನ ತುಂಬ ಹತ್ತಿ ತುಂಬಿ ಸತ್ತೀಯ!” ಎಂದು ಆಶಮ್ಮ ಅವನನ್ನು ಕಿವಿ ಹಿಡಿದು ಎಳೆದಳು. ಮೀಸೆಯೆಲ್ಲ ಬೆಳ್ಳಗಾಗಿ ಅವನು ತನ್ನ ಸತ್ತ ಅಜ್ಜನಂತೆ ಕಾಣುತ್ತಿದ್ದ.

“ಯಾವ ಕಾಲು ಕಟ್ತೀ ಅಕ್ಕಾ?” ಎಂದ.

“ನಿನಗ ಯಾವುದು ಹೆಚ್ಚಾಗೈತಿ?”

ದಬ್ಬೆ ಇತ್ತು, ಹತ್ತಿಗೆ ಬರವಿರಲಿಲ್ಲ, ಉದ್ದಿನ ಹಿಟ್ಟೂ ಇತ್ತು. ತತ್ತಿ ಇರಲಿಲ್ಲ. ಹಲಗೆಯ ಗದ್ದಲಕ್ಕೆ ಹೆದರಿ ಹುಸೇನವ್ವನ ಕೋಳಿಗಳು ತತ್ತಿ ಇಡುವುದನ್ನೇ ಬಿಟ್ಟಿದ್ದವು. ಹೊರಗೆ ದೂರದಲ್ಲಿ ಜನರ ಗದ್ದಲ ಕೇಳಿಸುತ್ತಿತ್ತು. ಆಶಮ್ಮ ಸುತ್ತ ನೋಡಿದಳು. ಹಿಂದಿನ ದಿನ ಊರಲ್ಲಿ ಹಂಚಿದ ಬೆಲ್ಲ ತಟ್ಟೆಯಲ್ಲಿ ಹಾಗೇ ಇತ್ತು. ಅದನ್ನು ಬಿಸಿನೀರಿನಲ್ಲಿ ಕರಗಿಸಿ ಹಿಟ್ಟಿಗೆ ಸುರಿದಳು. ಕುರುಮಯ್ಯನಿಂದ ಹಿಡಿದು ಆ ಮನೆಯಲ್ಲಿ ಯಾರೂ ಬೆಲ್ಲದ ಕಟ್ಟು ಕಟ್ಟಿರಲಿಲ್ಲ. ‘ಅಂಟಿದರ ಆತು, ಹೋಳಿಗಿ ಮಾಡಾಕ ಹೊಂಟೀನೇನು,’ ಎಂದುಕೊಂಡಳು.

ಕಟ್ಟಿಸಿಕೊಳ್ಳುತ್ತ ಮದಾರಸಾಬ ಮೆಲ್ಲಗೆ ಕೇಳಿದ, “ಬೈಯಂಗಿಲ್ಲೇನು ಅಕ್ಕಾ? ನೀ ಬೈಯದ ಕಟ್ಟಿದ್ರ ಅಂಜಿಕಿ ಬರ್ತೈತಿ.”

ಆಶಮ್ಮ ದಬ್ಬೆ ಒತ್ತಿ ಹಿಡಿದಳು. “ಎತ್ತಿನ ಹಗ್ಗ ಯಾಕ ಹಿಡದಿ?”

“ಹಿಡಿ ಅಂದ್ರು, ಹಿಡದೆ. ಊರ ಅಗಸಿ ದಾಟೂದರಾಗ ಅಂಜಿ ಹಗ್ಗ ಬಿಟ್ಟೆ. ಮನಿಗೆ ಬಂದು ಟೋಪಿ ಒಲಿಗೆ ಹಾಕಿದೆ.”

“ಬಿಟ್ಟಿದ್ದು ಆದೆಪ್ಪ ನೋಡ್ಯಾನೇನು?”

“ಇಲ್ಲಕ್ಕಾ. ಹಿಡದಿದ್ದು ನೋಡ್ಯಾನ.”

ಆಶಮ್ಮ ದಾರವನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಜಗ್ಗಿದಳು. ಮದಾರಸಾಬ “ಅಯ್ಯಯ್ಯೋ” ಎಂದ. “ಹಾಂ, ಹಿಂಗ ಒದರು, ಅವರು ಬಂದಾಗ,” ಎಂದು ಕಾವಿಯ ಬೊಟ್ಟಿಟ್ಟಳು.

ಜನ ಬಂದರು. ಓಣಿ ತುಂಬಿತು. ಮುಂದೆ ಆದೆಪ್ಪ, ಕೈಯಲ್ಲಿ ಹಸಿ ಬಿದಿರಿನ ಬಡಿಗೆ. ಹಿಂದೆ ಪಕ್ಕದೂರಿನವರು, ಈ ಊರಿನವರೂ ಕೂಡಿದ್ದರು. ಆಶಮ್ಮ ಬಾಗಿಲಿಗೆ ಬಂದು ನಿಂತು ನೋಡಿದರೆ, ಬಂದವರಲ್ಲಿ ಅರ್ಧ ಮಂದಿಯ ಮೈಮೇಲೆ ಅವಳದೇ ಕಟ್ಟು! ನಾಗಪ್ಪ ಜೋಳಿಗೆಯಲ್ಲಿ ತೋಳು ತೂಗಿಕೊಂಡು ಒಂದೇ ಕೈಯಲ್ಲಿ ಕೋಲು ಹಿಡಿದಿದ್ದ. ಮಾಳಿಗೆಯ ಮುದುಕರಿಬ್ಬರು ಅರಿಶಿನದ ತಲೆ ಹೊತ್ತು ಬಂದಿದ್ದರು. ಭೀಮಯ್ಯನಂತೂ ಎಲ್ಲಿಗೆ ಹೊರಟಿದ್ದೇವೆಂದು ಕೇಳಲೂ ಸಂಕೋಚಪಟ್ಟು ಹಿಂದೆ ಬಂದಂತಿತ್ತು.

“ನಾಗಪ್ಪಾ! ಆ ಕೈ ಎತ್ತಬ್ಯಾಡ ಅಂದಿದ್ನಿಲ್ಲೋ?”

“ಇದು ಆ ಕೈ ಅಲ್ಲ ಯಕ್ಕಾ, ಈ ಕೈ,” ಎಂದು ನಾಗಪ್ಪ ಕೋಲನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.

ಆದೆಪ್ಪ ಮಾತ್ರ ನಗಲಿಲ್ಲ. “ಯಕ್ಕಾ, ಬಾಗಲಾ ಬಿಡು.”

“ಬಾಗಲಾ ನಂದಲ್ಲ, ಹುಸೇನವ್ವಂದು. ನಾ ಕಟ್ಟು ಕಟ್ಟಾಕ ಬಂದೀನಿ. ಮದಾರಸಾಬನ ಕಾಲು ಮುರದೈತಿ. ನೋಡು ಬೇಕಾದ್ರ.”

ಆದೆಪ್ಪ ಬಗ್ಗಿ ನೋಡಿದ. ಒಳಗೆ ಮದಾರಸಾಬ ಕೌದಿಯ ಮೇಲೆ ಕಾಲು ಚಾಚಿ ಮಲಗಿದ್ದ. ದಬ್ಬೆ, ಉಣ್ಣೆ, ಕಾವಿಯ ಬೊಟ್ಟು, ಎಲ್ಲ ಇತ್ತು. ಗುಂಪಿನಲ್ಲಿ ಗುಸುಗುಸು ಎದ್ದಿತು. “ಕಟ್ಟು ಬಿದ್ದೈತಪ್ಪ... ಕಟ್ಟು ಬಿದ್ದಮ್ಯಾಲ ಹ್ಯಾಂಗ?” ಎಂದು ಹಿಂದಿನವರು ಒಂದು ಹೆಜ್ಜೆ ಸರಿದರು. ಜಾಲಿಮುಳ್ಳಿನಲ್ಲಿ ಹೋದ ಸಾಹೇಬನ ಕಥೆ ಅವರೆಲ್ಲ ತೊಟ್ಟಿಲಲ್ಲೇ ಕೇಳಿದ್ದರು.

ಆದೆಪ್ಪ ಸರಿಯಲಿಲ್ಲ. “ನಿನ್ನೆ ಸಂಜಿಕೆ ಇಂವ ಓಣ್ಯಾಗ ಓಡಾಡೋದು ನೋಡಿದವರು ಅದಾರ. ಯಾವಾಗ ಮುರೀತು?”

“ಮುರಿಯಾಕ ಏನು ಮುಹೂರ್ತ ಬೇಕೇನು?”

“ಹಂಗಾರ ಬೀರಪ್ಪನ ಆಣಿ ಮಾಡು. ಕಾಲು ಮುರದೈತಿ ಅಂತ ಆಣಿ ಮಾಡಿ ಹೇಳು. ನಾ ಹಿಂಗ ಬಂದ ದಾರೀಲೆ ಹೊಳ್ಳಿ ಹೋಗ್ತೀನಿ.”

ಆಶಮ್ಮನ ಬಾಯಿ ತೆರೆಯಿತು. ತೆರೆದದ್ದು ಹಾಗೇ ನಿಂತಿತು. ಅವಳಿಗೆ ಮಾತಿಗೆ ಬರ ಬಂದದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಬೀರಪ್ಪನ ಮೇಲೆ ಸುಳ್ಳು ಆಣೆ ಇಟ್ಟರೆ ಕುರುಮಯ್ಯ, ಮೈಸಮ್ಮ, ಎಂಕಪ್ಪ ಮೂವರೂ ಮಣ್ಣಿನಲ್ಲಿ ಮಗ್ಗುಲು ತಿರುಗಿಸುತ್ತಾರೆ. ಇಡದಿದ್ದರೆ ಒಳಗೊಂದು ಜೀವ ಹೋಗುತ್ತದೆ. ತನಗೆ ಹೆಸರು ಕೊಟ್ಟ ಪೀರಿನ ಮನೆಯ ಜೀವ. ಹಿಂದೆಯೇ ಬಂದಿದ್ದ ಮಾರೆಪ್ಪ ದೂರದಲ್ಲಿ ನಿಂತು ಅವಳನ್ನೇ ನೋಡುತ್ತಿದ್ದ.

ಆಣೆಯ ಕಷ್ಟವನ್ನು ಇರುವೆಗಳು ತಪ್ಪಿಸಿದವು.

ಬೆಲ್ಲದ ವಾಸನೆ ಹಿಡಿದ ಕಟ್ಟಿರುವೆಗಳು ಗೋಡೆಯ ಬಿರುಕಿನಿಂದ ಸಾಲು ಹಿಡಿದು ಕೌದಿಗೆ ಬಂದು, ಕೌದಿಯಿಂದ ದಬ್ಬೆಯ ಸಂದಿಗೆ ಇಳಿದಿದ್ದವು. ಮದಾರಸಾಬ ಹಲ್ಲು ಕಚ್ಚಿ ತಡೆದ. ಮೀಸೆ ಕಚ್ಚಿ ತಡೆದ. ಇರುವೆಗಳು ಮೊಣಕಾಲು ದಾಟಿ ಮೇಲಕ್ಕೆ ಹೊರಟಾಗ ತಡೆಯುವುದು ಮನುಷ್ಯಮಾತ್ರದವರಿಂದ ಆಗುವಂತಿರಲಿಲ್ಲ.

“ಯಾ ಅಲ್ಲಾ! ಯಾ ಬೀರಪ್ಪಾ! ಸತ್ತೆ!”

ಮದಾರಸಾಬ ಮೇಲಕ್ಕೆ ಹಾರಿದ. ದಬ್ಬೆ ಒಂದು ಕಡೆ, ಉಣ್ಣೆ ಒಂದು ಕಡೆ, ಹತ್ತಿ ಆಕಾಶಕ್ಕೆ. ಮುರಿದ ಕಾಲಿನ ಮೇಲೆ ಅವನು ಕುಣಿದ ಕುಣಿತವನ್ನು ಅಲಾಯಿಯ ಬೆಂಕಿಯ ಸುತ್ತಲೂ ಯಾರೂ ಕುಣಿದಿರಲಿಲ್ಲ. ಗುಂಪು ಒಂದು ಗಳಿಗೆ ಬಾಯಿಬಿಟ್ಟು ನೋಡಿತು. ಆಮೇಲೆ ನಾಗಪ್ಪ ಮೊದಲು ಕಿಸಕ್ ಎಂದ. ಅರಿಶಿನದ ಮುದುಕರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಭೀಮಯ್ಯ ಗೋಡೆಯ ಕಡೆ ತಿರುಗಿ ನಿಂತು ನಕ್ಕ.

ಆದೆಪ್ಪನ ಕಣ್ಣು ಮಾತ್ರ ಕೆಂಡವಾಯಿತು. “ಕಟ್ಟಿನ ಹೆಸರೇಳಿ ನಮ್ಮ ಕಣ್ಣಾಗ ಮಣ್ಣು ಹಾಕಿದೆಲ್ಲ ಯಕ್ಕಾ! ನೀನು!” ಎಂದವನೇ ಬಡಿಗೆ ಎತ್ತಿ ಬಾಗಿಲಿಗೆ ನುಗ್ಗಿದ. ನಗು ನಿಂತಿತು. ಹಿಂದಿನವರೂ ನುಗ್ಗಿದರು.

ಆಶಮ್ಮ ಬಾಗಿಲಿಗೆ ಅಡ್ಡಬರಲು ಹಾರಿದಳು. ಹಾರಿದ ಕಾಲು ನೆಲಕ್ಕೆ ಬಿದ್ದದ್ದು ಮದಾರಸಾಬನ ಕಾಲಿನಿಂದ ಕಳಚಿ ಬಂದ, ಬೆಲ್ಲ ಮೆತ್ತಿದ, ಅವಳದೇ ದಬ್ಬೆಯ ಮೇಲೆ. ದಬ್ಬೆ ಜಾರಿತು. ಪಿಂಜಾರರ ಮನೆಯ ಹೊಸ್ತಿಲು ಎತ್ತರದ್ದು, ಕಲ್ಲಿನದು. ಅದರ ಮೇಲೆ ಅವಳ ಎಡಗಾಲು ಬಿತ್ತು, ಕಾಲಿನ ಮೇಲೆ ಅವಳು ಬಿದ್ದಳು.

ಲಟಕ್!

ಆ ಸದ್ದು ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಎತ್ತಿದ ಬಡಿಗೆ ಎತ್ತಿದಲ್ಲೇ ನಿಂತಿತು. ಆಶಮ್ಮ ಹೊಸ್ತಿಲ ಮೇಲೆ ಉದ್ದಕ್ಕೆ, ಈ ಚೌಕಟ್ಟಿನಿಂದ ಆ ಚೌಕಟ್ಟಿಗೆ ಬಿದ್ದಿದ್ದಳು. ಎಡಗಾಲಿನ ಪಾದ ನೋಡಬಾರದ ದಿಕ್ಕಿಗೆ ನೋಡುತ್ತಿತ್ತು.

“ಯಕ್ಕಾ!” “ಯವ್ವಾ!” “ಅಯ್ಯೋ, ಏಮೈಂದಿ, ಏನಾತು!” ಎಂದು ಎಲ್ಲರೂ ಒಮ್ಮೆಲೇ ಬಗ್ಗಿದರು. ಒಬ್ಬ ಪೇಟ ಬಿಚ್ಚಿದ, ಇನ್ನೊಬ್ಬ ನೀರಿಗೆ ಓಡಿದ, ನಾಗಪ್ಪ ತನ್ನ ಕೈಯ ಜೋಳಿಗೆಯನ್ನೇ ಬಿಚ್ಚಿ ಕೊಡಲು ಹೋಗಿ “ಹಾ!” ಎಂದ.

“ಹಿಂದಕ್ಕ ಸರೀರಿ! ಗಾಳಿ ಬಿಡ್ರಿ!” ಆಶಮ್ಮ ಕೈ ಎತ್ತಿದಳು. ಬಿದ್ದವಳೂ ಅವಳೇ, ಕಟ್ಟು ಕಟ್ಟಲು ಓಡಿ ಬಂದವಳೂ ಅವಳೇ. ಮೊಣಕೈ ಊರಿ ಕೂತು, ತನ್ನ ಕಾಲನ್ನೇ ಬೇರೆ ಯಾರದೋ ಕಾಲೆಂಬಂತೆ ಒತ್ತಿ ನೋಡಿದಳು. “ಹೂಂ. ಒಂದ ಎಲುಬು. ಚರ್ಮ ಹರದಿಲ್ಲ. ಚಲೋ ಮುರದೈತಿ,” ಎಂದು ತೀರ್ಪು ಕೊಟ್ಟಳು. ಮುಖ ಬೇನೆಗೆ ಬಿಳಿಚಿತ್ತು. ಕಣ್ಣಿನಲ್ಲಿ ಮಾತ್ರ ಏನೋ ಹೊಳೆದಂತಿತ್ತು.

ಆಮೇಲೆ ಅವಳು ಬೈಯಲು ಶುರುಮಾಡಿದಳು. ಬೈದದ್ದು ತನ್ನ ಅತ್ತೆ ಮನೆಯವರನ್ನು.

“ದಾಮರಗಿದ್ದದವರು! ಮಗನ ಮದುವಿಗೆ ಕುಂಟ ಕುದುರಿ ತಂದವರು! ನಮ್ಮತ್ತಿ ಕೊಟ್ಟ ಬುಗುಡಿ ನೋಡಿ ಅಕ್ಕಸಾಲಿ ಅತ್ತಿದ್ದ! ನಮ್ಮ ಮಾವ ಉಣ್ಣಾಕ ಕುಂತ್ರ ಪರಾತದಾಗ ರೊಟ್ಟಿ ಹೋಗಿ ಮೋತಿ ಕಾಣತಿತ್ತು...”

ಮಾರೆಪ್ಪ ಗುಂಪಿನ ನಡುವೆ ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು, “ಬುಗುಡಿ ಅಷ್ಟೇನೂ ಕೆಟ್ಟಿರಲಿಲ್ಲ...” ಎಂದ. ಅಷ್ಟರಲ್ಲಿ ಆಶಮ್ಮ ಎರಡೂ ಕೈಯಿಂದ ಪಾದ ಹಿಡಿದು ಜಗ್ಗಿದಳು. ಅವಳ ಕೂಗಿಗೆ ಬೇವಿನ ಗಿಡದ ಕಾಗೆಗಳೆಲ್ಲ ಎದ್ದವು. ಪಾದ ಮಾತ್ರ ಬರಬೇಕಾದ ದಿಕ್ಕಿಗೆ ಬಂದಿತ್ತು.

“ಆದೆಪ್ಪಾ, ಆ ಬಡಿಗಿ ಕೊಡು. ದಬ್ಬಿಗೆ ಬೆಲ್ಲ ಮೆತ್ತೈತಿ, ನನಗೂ ಇರಿವಿ ಬಿಡಸ್ತೀಯೇನು?”

ಆದೆಪ್ಪ ತನ್ನ ಕೈಯಲ್ಲಿದ್ದ ಬಡಿಗೆಯನ್ನು ಈಗಷ್ಟೇ ಕಂಡವನಂತೆ ನೋಡಿದ. ತಂದದ್ದು ಯಾತಕ್ಕೆ, ಕೇಳುತ್ತಿರುವುದು ಯಾತಕ್ಕೆ! ಅವನ ಮುಂಗೈ ಕೂಡಿಸಿದ ಆಶಮ್ಮನ ಕೈ ಅದು, ಚಾಚಿಕೊಂಡೇ ಇತ್ತು. ಅವನು ಬಡಿಗೆಯನ್ನು ಮೊಣಕಾಲಿಗೆ ಹಚ್ಚಿ ಮುರಿದು, ಕುಡುಗೋಲಿನಿಂದ ಸೀಳಿ ಕೊಟ್ಟ. ಒಳಗಿನಿಂದ ಮದಾರಸಾಬ ಇರುವೆ ಕೊಡವಿಕೊಳ್ಳುತ್ತಲೇ ಎರಡೂ ಕೈ ತುಂಬ ಹತ್ತಿ ತಂದು ಹೊಸ್ತಿಲ ಒಳಗಡೆ ಕುಕ್ಕರುಗಾಲಲ್ಲಿ ಕೂತ. ಹೊಸ್ತಿಲ ಆ ಕಡೆ ಅವನು, ಈ ಕಡೆ ಆದೆಪ್ಪ, ನಡುವೆ ಆಶಮ್ಮನ ಕಾಲು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕಾಲನ್ನೇ ನೋಡಿದರು.

ಅವಳು ಹತ್ತಿ ಹಾಸಿದಳು, ದಬ್ಬೆ ಇಟ್ಟಳು, ದಾರ ಸುತ್ತಿದಳು. ಮಾರೆಪ್ಪ ಓಡಿಹೋಗಿ ಮನೆಯಿಂದ ತಂದ ತತ್ತಿ ಒಡೆದು ಹಿಟ್ಟು ಕಲಸಿ ಮೆತ್ತಿದಳು. ಕೊನೆಗೆ ಕಾವಿಯ ಉಂಡೆಗೆ ಉಗುಳು ಹಚ್ಚಿ, ಎಲ್ಲರಿಗೂ ಕಾಣುವ ಹಾಗೆ ಒಂದು ಬೊಟ್ಟಿಟ್ಟಳು. ಅದಾದ ಮೇಲೆ, ಕೆಲಸ ಮುಗಿಸಿದವಳಂತೆ, ಹೊಸ್ತಿಲ ಮೇಲೆ ಉದ್ದಕ್ಕೂ ಆರಾಮಾಗಿ ಮಲಗಿದಳು.

ಮೊದಲು ಹೊಳೆದದ್ದು ಮಾಳಿಗೆಯ ಮುದುಕನೊಬ್ಬನಿಗೆ. “ಅಯ್ ಇಕಿನ! ಬಾಗಲದಾಗ ಕಟ್ಟು ಬಿತ್ತಲ್ರೋ! ಇನ್ನ ಒಳಗ ಹೋಗೋದು ಹ್ಯಾಂಗ?”

ಮನೆಗೆ ಇದ್ದದ್ದು ಅದೊಂದೇ ದೊಡ್ಡ ಬಾಗಿಲು. ಹಿಂದಿನದು ಕೋಳಿ ಹೋಗುವಷ್ಟು ಸಂದು, ಹುಸೇನವ್ವನಂಥ ಕಡ್ಡಿಮೈಯವಳು ಹೇಗೋ ನುಸುಳಬಹುದು. ಮದಾರಸಾಬನ ಹೊಟ್ಟೆಯಾಗಲಿ, ಬಂದವರ ಸಿಟ್ಟಾಗಲಿ ಅದರಲ್ಲಿ ಹಿಡಿಸುವಂತಿರಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲೋ ಒಂದು ನಗು ಹೊರಟಿತು. ಅದು ಓಣಿಯ ಆ ತುದಿಗೆ ಹೋಗಿ ದೊಡ್ಡದಾಗಿ ತಿರುಗಿ ಬಂತು. ಆದೆಪ್ಪ ಬಹಳ ಹೊತ್ತು ತಡೆದ. ಅವನ ಗಂಟಲಲ್ಲಿ ಅಳುವೂ ನಗುವೂ ಒಂದೇ ಬಾಗಿಲಿಗೆ ನುಗ್ಗಿ ಸಿಕ್ಕಿಕೊಂಡಂತೆ ಸದ್ದಾಯಿತು. ಅವನು ಹೆಗಲ ಕಂಬಳಿ ತೆಗೆದು ನೆಲಕ್ಕೆ ಹಾಸಿ ಮೊಣಕಾಲೂರಿದ.

“ಆಯ್ತು ಯಕ್ಕಾ, ನೀ ಗೆದ್ದಿ. ಕಲ್ಲಿನ ಮ್ಯಾಗ ಹಿಂಗ ಮಲಗಬ್ಯಾಡ. ಹಿಡೀರೋ, ನಾಕು ಮಂದಿ ಹಿಡೀರಿ, ಮನಿಗೆ ಒಯ್ಯೂಣು.”

ನಾಲ್ಕು ಕಡೆಯಿಂದ ಕೈಗಳು ಬಂದವು. ಮಾರೆಪ್ಪನ ಕೈಯೂ ಬಂತು, ಮದಾರಸಾಬನ ಕೈಯೂ ಬಂತು. ಆಶಮ್ಮ ಆ ಕೈಗಳನ್ನೆಲ್ಲ ಒಂದೊಂದಾಗಿ ಚಟ್ ಚಟ್ ಎಂದು ಹೊಡೆದು ಹಿಂದಕ್ಕೆ ಕಳಿಸಿದಳು.

“ಮುಟ್ಟಬ್ಯಾಡ್ರಿ! ಎತ್ತಬ್ಯಾಡ್ರಿ, ಕಂಬಳಿ ಹಾಸಬ್ಯಾಡ್ರಿ, ಮನಿಗೆ ಒಯ್ಯಬ್ಯಾಡ್ರಿ. ಹುಸೇನವ್ವ ಇದ್ದಲ್ಲೇ ರೊಟ್ಟಿ ಕೊಡ್ತಾಳ. ಒಳಗಿದ್ದವ ಒಳಗಿರ್ಲಿ, ಹೊರಗಿದ್ದವರು ಹೊರಗಿರ್ರಿ. ಆದೆಪ್ಪಾ, ನಿನ್ನ ಸಿಟ್ಟು ನನಗೇನು ಕಾಣಂಗಿಲ್ಲೇನೋ ತಮ್ಮಾ? ನಾ ‘ಏಳು’ ಅಂದ ದಿನ ಇಂವ ಹೊರಗ ಬಂದು ಎತ್ತಿನ ಬದ್ಲಿ ನಿನ್ನ ಹೊಲದ ಕುಂಟಿ ಎಳೀಲಿ, ಬೇಕಾದ್ರ ನಾನ ಬೆನ್ನ ಹತ್ತಿ ಹೊಡೀತೀನಿ. ಅಲ್ಲೀತನಕ ನನಗ ಯಾರ ಸಹಾಯನೂ ಬ್ಯಾಡ. ನನ್ನ ಕಾಲು ನಾ ಮುರಕೊಂಡೀನಿ, ನನ್ನ ಕಟ್ಟು ನಾ ಕಟ್ಟಿಕೊಂಡೀನಿ, ‘ಏಳು’ ಅನ್ನಾಕೂ ನಾನ ಅದೀನಿ. ಹೋಗ್ರಿ, ಹೋಗ್ರಿ, ನಿಮ್ಮ ನಿಮ್ಮ ಕಾಲು ನೋಡ್ಕೊಂಡು ಹೋಗ್ರಿ. ಇವತ್ತು ಯಾರರ ಬಿದ್ರ ನಾ ಓಡಿ ಬರಾಕ ಆಗಂಗಿಲ್ಲ!”